ಧರ್ಮಾಸ್ಪತ್ರೆಯಿಂದ ಆರೋಗ್ಯಶ್ರೀಗೆ: ಮದ್ದಿಕೇರ ಸೀಮೆಯಲ್ಲಿ ಬಡವರ ಚಿಕಿತ್ಸೆಯ ಚರಿತ್ರೆ

ಸರ್ಕಾರಿ ಆಸ್ಪತ್ರೆಯನ್ನು ನಮ್ಮ ಸೀಮೆಯ ಹಿರಿಯರು ಧರ್ಮಾಸ್ಪತ್ರೆಯೆಂದು ಕರೆಯುತ್ತಿದ್ದರು. ನೆರೆಯ ತೆಲುಗು ಬಾಂಧವರ ಬಾಯಲ್ಲಿಯೂ ಅದು ಧರ್ಮಾಸುಪತ್ರಿಯೇ. ಎರಡು ನುಡಿಗಳು ಕೂಡಿ ಒಪ್ಪಿಕೊಂಡ ಈ ಒಂದು ಶಬ್ದದಲ್ಲಿ ಒಂದು ಯುಗದ ಮನೋಭಾವವೆಲ್ಲ ಅಡಗಿದೆ. ಧರ್ಮವೆಂದರೆ ಇಲ್ಲಿ ದಾನವೆಂದೇ ಅರ್ಥ. ಕೊಡುವವನಿಗೆ ಪುಣ್ಯ, ಪಡೆಯುವವನಿಗೆ ಋಣ. ಕೊಡದಿದ್ದರೆ ಏಕೆ ಕೊಡಲಿಲ್ಲವೆಂದು ಕೇಳುವ ಅಧಿಕಾರ ಬಡವನಿಗಿರಲಿಲ್ಲ. ಇಂದು ಅದೇ ಬಡವನ ಕೈಯಲ್ಲಿ ಸರ್ಕಾರವು ಒಂದು ಕಾರ್ಡನ್ನಿಟ್ಟು, ಲಕ್ಷಗಟ್ಟಲೆ ರೂಪಾಯಿಯ ಚಿಕಿತ್ಸೆ ನಿನ್ನ ಹಕ್ಕೆಂದು ಹೇಳುತ್ತಿದೆ. ದಾನವು ಹಕ್ಕಾಗಿ ಮಾರ್ಪಟ್ಟ ಬಗೆ ಯಾವುದು? ಆ ಹಕ್ಕು ಗಡಿನಾಡಿನ ಕನ್ನಡಿಗನ ಹೊಸ್ತಿಲವರೆಗೆ ಬಂದು, ಒಳಗೆ ಕಾಲಿಡದೆ ನಿಲ್ಲುವುದು ಏತಕ್ಕೆ? ಈ ಎರಡು ಪ್ರಶ್ನೆಗಳನ್ನು ಮದ್ದಿಕೇರ, ಆಲೂರು, ಆದವಾನಿಗಳ ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಸ್ಥಳದ ಪರಿಚಯ. ಮದ್ದಿಕೇರವು ಕರ್ನೂಲು ಜಿಲ್ಲೆಯ ನೈಋತ್ಯ ಭಾಗದಲ್ಲಿ, ಗುಂತಕಲ್ಲಿನಿಂದ ಡೋಣಿನ ಕಡೆಗೆ ಹೋಗುವ ರೈಲುದಾರಿಯ ಮೇಲಿರುವ ಊರು. ಊರ ಹೆಸರಿನ ತುದಿಯಲ್ಲಿ ಕೆರೆಯೆಂಬ ನಮ್ಮ ಮಾತು ಕಿವಿಗೆ ಬೀಳುತ್ತದೆ. ಸುತ್ತಲಿನದು ಮಳೆಯನ್ನೇ ನಂಬಿದ ಭೂಮಿ. ಹತ್ತಿ, ಶೇಂಗಾ ಮುಖ್ಯ ಬೆಳೆಗಳು. 1800ರಲ್ಲಿ ನಿಜಾಮನು ಕಂಪೆನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ಈ ಪ್ರಾಂತವೆಲ್ಲವೂ ಸೇರಿತ್ತು. ಪತ್ತಿಕೊಂಡ ಸೀಮೆಯು ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದು, 1858ರಲ್ಲಿ ಕರ್ನೂಲು ಜಿಲ್ಲೆಯ ರಚನೆಯಾದಾಗ ಅತ್ತ ಹೋಯಿತು. ಆದವಾನಿ, ಆಲೂರು ತಾಲ್ಲೂಕುಗಳು ಮಾತ್ರ ಇನ್ನೂ ಒಂದು ಶತಮಾನದ ಹತ್ತಿರ ಬಳ್ಳಾರಿಯೊಂದಿಗೇ ಉಳಿದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ, ಬಳ್ಳಾರಿ ಮೊದಲಾದ ಉಳಿದ ತಾಲ್ಲೂಕುಗಳು ಮೈಸೂರಿಗೂ ಸೇರಿದವು. ಹೀಗೆ ಒಂದೇ ಸಂತೆಗೆ ಹೋಗುತ್ತಿದ್ದ, ಒಂದೇ ಮನೆತನಗಳೊಳಗೆ ಹೆಣ್ಣು ಕೊಟ್ಟು ತರುತ್ತಿದ್ದ ಜನರ ನಡುವೆ ರಾಜ್ಯದ ಗಡಿಯೊಂದು ಬಂದು ಕುಳಿತಿತು. ಈ ಗಡಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಕಾಯಿಲೆಯ ಮಂಚದ ಪಕ್ಕಕ್ಕೇ ಬರುತ್ತದೆ.

ಮದ್ದಿಕೇರಕ್ಕೆ ನೆರೆಯ ಊರಾದ ಪತ್ತಿಕೊಂಡದಲ್ಲಿ 1827ರ ಜುಲೈ 6ರಂದು ಸರ್ ಥಾಮಸ್ ಮನ್ರೋ ಕಾಲರಾ ತಗಲಿ ತೀರಿಕೊಂಡನು. ದತ್ತಮಂಡಲದ ಮೊದಲ ಮುಖ್ಯ ಕಲೆಕ್ಟರನಾಗಿ ಏಳು ವರ್ಷ ಇಲ್ಲಿನ ರೈತರ ನಡುವೆ ತಿರುಗಿದ್ದ ಆತನು ಆಗ ಮದರಾಸಿನ ಗವರ್ನರನು. ತಾಯ್ನಾಡಿಗೆ ಹಿಂದಿರುಗುವ ಮುನ್ನ ತನಗೆ ಪ್ರಿಯವಾದ ಈ ಸೀಮೆಯನ್ನು ಇನ್ನೊಮ್ಮೆ ನೋಡಿ ಬರಲೆಂದು ಹೊರಟವನು, ರೋಗ ಕಾಣಿಸಿಕೊಂಡ ದಿವಸವೇ ಪ್ರಾಣ ಬಿಟ್ಟನು. ರಾಜ್ಯವಾಳುವವನ ಸಮೀಪದಲ್ಲಿ ವೈದ್ಯರಿಗೇನು ಕೊರತೆಯಿರಲಿಲ್ಲ. ಆದರೆ ಕಾಲರಾಕ್ಕೆ ಪರಿಹಾರವು ಆ ಕಾಲದ ಯಾವ ವೈದ್ಯನ ಚೀಲದಲ್ಲಿಯೂ ಇರಲಿಲ್ಲ. ಗವರ್ನರನಿಗೂ ಗುಡಿಸಲಿನ ಕೂಲಿಯವನಿಗೂ ಒಂದೇ ಗತಿ. ಇದು ಸಮಾನತೆಯೇ ಹೌದು, ಆದರೆ ನಿರುಪಾಯದ ಸಮಾನತೆ. ವೈದ್ಯಶಾಸ್ತ್ರವು ಬೆಳೆದು ನಿಜವಾಗಿ ಗುಣಪಡಿಸುವ ಶಕ್ತಿಯನ್ನು ಸಂಪಾದಿಸಿದ ಮೇಲೆಯೇ ಹಣವುಳ್ಳವನು ಬದುಕುವ, ಹಣವಿಲ್ಲದವನು ಸಾಯುವ ಭೇದವು ತೀವ್ರವಾಯಿತು. ಬಡವನ ಚಿಕಿತ್ಸೆಯ ಪ್ರಶ್ನೆ ರಾಜ್ಯದ ಪ್ರಶ್ನೆಯಾಗಿ ಪರಿಣಮಿಸಿದ್ದು ಈ ಕಾರಣದಿಂದ.

ರಾಜ್ಯವು ಬಡವನ ದೇಹವನ್ನು ಲೆಕ್ಕಹಾಕಿ ನೋಡಿದ ಒಂದು ಪ್ರಸಂಗವನ್ನು ನಮ್ಮ ಸೀಮೆ ಮರೆಯುವಂತಿಲ್ಲ. ಅದು 1876ರಿಂದ 1878ರವರೆಗಿನ ಧಾತು ಸಂವತ್ಸರದ ಬರ. ಬಳ್ಳಾರಿ, ಕರ್ನೂಲು ಜಿಲ್ಲೆಗಳು ಆ ಬರದಲ್ಲಿ ಅತ್ಯಂತ ನೊಂದವುಗಳ ಸಾಲಿನವು. ಪರಿಹಾರದ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅದರ ಮೇಲೆ ಅಲ್ಪಸ್ವಲ್ಪ ಕಾಸು ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಗೊತ್ತುಮಾಡಿದನು. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷನು ಇದನ್ನು ಬಲವಾಗಿ ವಿರೋಧಿಸಿ, ದುಡಿಯುವ ದೇಹಕ್ಕೆ ಇಷ್ಟು ಆಹಾರ ಸಾಲದೆಂದು ವೈದ್ಯನ ದೃಷ್ಟಿಯಿಂದ ವಾದಿಸಿದನು. ಕೆಲವು ತಿಂಗಳ ಮೇಲೆ ಅಳತೆಯನ್ನು ಏರಿಸಬೇಕಾಯಿತು. ಈ ವಿವಾದದಲ್ಲಿ ಗಮನಿಸತಕ್ಕ ಅಂಶ ಒಂದುಂಟು. ಸಹಾಯ ಕೊಡುವವರು ಎಷ್ಟು ಕೊಡಬೇಕೆಂಬುದನ್ನು ತಮ್ಮತಮ್ಮಲ್ಲಿ ಚರ್ಚಿಸಿದರು. ಪಡೆಯುವವನಿಗೆ ಅದರ ಲೆಕ್ಕವನ್ನು ಯಾರೂ ಒಪ್ಪಿಸಲಿಲ್ಲ. ತನಗೆ ಸಲ್ಲಬೇಕಾದುದೆಷ್ಟು ಎಂಬುದನ್ನರಿಯದವನು ಕಡಿಮೆ ಕೊಟ್ಟರೂ ಕೈಮುಗಿದೇ ಹೋಗುತ್ತಾನೆ.

ಹೊರಗಿನ ಪ್ರಪಂಚದಲ್ಲಿ ಆ ಹೊತ್ತಿಗೆ ಬೇರೊಂದು ಚಿಂತನೆ ಮೊಳೆಯುತ್ತಿತ್ತು. ಜರ್ಮನಿಯಲ್ಲಿ ಬಿಸ್ಮಾರ್ಕನು 1883ರಲ್ಲಿ ಕಾರ್ಮಿಕರಿಗೆ ಕಾಯಿಲೆಯ ವಿಮೆಯನ್ನು ಶಾಸನದ ಮೂಲಕ ತಂದನು. ಇಂಗ್ಲೆಂಡು 1911ರಲ್ಲಿ ಅದೇ ದಾರಿ ಹಿಡಿದು, 1948ರ ಜುಲೈ 5ರಂದು ಪ್ರಜೆಗಳೆಲ್ಲರಿಗೂ ರಾಷ್ಟ್ರೀಯ ವೈದ್ಯಸೇವೆಯನ್ನು ತೆರೆಯಿತು. ಚಿಕಿತ್ಸೆಯು ದಾನವಲ್ಲ, ನಾಗರಿಕನಿಗೆ ಸಲ್ಲತಕ್ಕ ಬಾಕಿ ಎಂಬ ಭಾವನೆ ಹೀಗೆ ಶಾಸನದ ರೂಪ ತಳೆಯಿತು. ನಮ್ಮ ದೇಶದಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕವಾದ ಸಮಿತಿಯು 1946ರಲ್ಲಿ ವರದಿಯನ್ನೊಪ್ಪಿಸಿ, ಹಣವಿಲ್ಲವೆಂಬ ಕಾರಣದಿಂದ ಯಾರೊಬ್ಬನೂ ಚಿಕಿತ್ಸೆಗೆ ಎರವಾಗಕೂಡದೆಂಬ ತತ್ತ್ವವನ್ನು ಮುಂದಿಟ್ಟಿತು. ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಆ ವರದಿಯ ಕಲ್ಪನೆಯಿಂದಲೇ ಮೂಡಿ, 1952ರ ಸಮುದಾಯ ವಿಕಾಸ ಯೋಜನೆಯೊಂದಿಗೆ ಆಚರಣೆಗೆ ಬಂದವು.

ವಿಮೆಯ ವಿಷಯದಲ್ಲಿಯೂ ಸ್ವತಂತ್ರ ಭಾರತವು ತಡಮಾಡಲಿಲ್ಲ. ಕಾರ್ಮಿಕರ ರಾಜ್ಯ ವಿಮಾ ಶಾಸನವು 1948ರಲ್ಲಿಯೇ ಅಂಗೀಕೃತವಾಯಿತು. 1952ರ ಫೆಬ್ರವರಿಯಲ್ಲಿ ಕಾನ್ಪುರ, ದಿಲ್ಲಿಗಳಲ್ಲಿ ಜಾರಿಗೆ ಬಂದಿತು. ಕಾರ್ಮಿಕನೂ ಮಾಲೀಕನೂ ಕಂತು ಕಟ್ಟುವುದು, ಕಾಯಿಲೆ ಬಂದಾಗ ಚಿಕಿತ್ಸೆಯೂ ಕೂಲಿಯ ಒಂದು ಪಾಲೂ ದೊರೆಯುವುದು ಇದರ ಕ್ರಮ. ಆದರೆ ಈ ಶಾಸನದಲ್ಲಿ ಋತುಮಾನದ ಕಾರ್ಖಾನೆಗಳಿಗೆ ವಿನಾಯಿತಿಯಿತ್ತು. ಅವು ಯಾವುವೆಂಬುದರ ಪಟ್ಟಿಯನ್ನು ಓದಿದರೆ ನಮ್ಮ ಸೀಮೆಯವರು ಬೆರಗಾಗಬೇಕು. ಹತ್ತಿಯನ್ನು ಬಿಡಿಸುವ ಜಿನ್ನಿಂಗ್ ಗಿರಣಿ, ಹತ್ತಿಯನ್ನು ಅದುಮುವ ಪ್ರೆಸ್ಸು, ಶೇಂಗಾ ಸುಲಿಯುವ ಗಿರಣಿ—ಇವು ಆ ಪಟ್ಟಿಯ ಮೊದಲಲ್ಲೇ ಬರುತ್ತವೆ. ಆದವಾನಿಯ ಪೇಟೆ ನಿಂತಿರುವುದೇ ಹತ್ತಿ, ಶೇಂಗಾಗಳ ಮೇಲೆ! ಸುಗ್ಗಿಯ ತಿಂಗಳುಗಳಲ್ಲಿ ಹತ್ತಿಯ ಧೂಳನ್ನು ಉಸಿರಾಡಿ ದುಡಿಯುವ ಹೆಂಗಸರೂ ಗಂಡಸರೂ ಇಂಥ ಗಿರಣಿಗಳಲ್ಲಿದ್ದರೆ ವಿಮೆಯ ಲೆಕ್ಕಕ್ಕೆ ಕಾರ್ಮಿಕರೇ ಆಗಲಿಲ್ಲ. ಗುಂತಕಲ್ಲಿನಲ್ಲಿ ರೈಲ್ವೆಯವರಿಗೆ ರೈಲ್ವೆಯದೇ ಆಸ್ಪತ್ರೆ. ಕೇಂದ್ರ ಸರ್ಕಾರದ ನೌಕರರಿಗೆ 1954ರಿಂದ ದಿಲ್ಲಿಯಲ್ಲಿ ಮೊದಲಾದ ಪ್ರತ್ಯೇಕ ಆರೋಗ್ಯ ಯೋಜನೆ. ರೈಲುಕಂಬಿಯ ಇತ್ತ ಕಡೆಯ ಹೊಲದಲ್ಲಿ ಕಳೆ ಕೀಳುವವಳಿಗೆ ಉಳಿದುದು ಧರ್ಮಾಸ್ಪತ್ರೆಯೊಂದೇ.

ಧರ್ಮಾಸ್ಪತ್ರೆಯನ್ನು ಹೀಗಳೆಯುವುದು ನಮ್ಮ ಅಭಿಪ್ರಾಯವಲ್ಲ. ಕರ್ನೂಲಿನಲ್ಲಿ 1956ರಲ್ಲಿಯೂ ಬಳ್ಳಾರಿಯಲ್ಲಿ 1961ರಲ್ಲಿಯೂ ವೈದ್ಯ ಕಾಲೇಜುಗಳು ಸ್ಥಾಪಿತವಾಗಿ, ಅವುಗಳ ಆಸ್ಪತ್ರೆಗಳು ಈ ಬರಗಾಲದ ಸೀಮೆಗೆ ಎರಡು ದೊಡ್ಡ ಆಶ್ರಯಗಳಾದವು. ಆಲೂರಿನ ಕಡೆಯ ರೋಗಿಗೆ ಜಿಲ್ಲಾ ಕೇಂದ್ರವಾದ ಕರ್ನೂಲಿಗಿಂತ ಬಳ್ಳಾರಿಯೇ ಹತ್ತಿರ. ಅಲ್ಲಿ ಮನೆಮಾತೂ ನಡೆಯುತ್ತಿತ್ತು, ನೆಂಟರೂ ಇರುತ್ತಿದ್ದರು. ದಾನದ ವ್ಯವಸ್ಥೆಗೆ ಎಷ್ಟೇ ದೋಷಗಳಿರಲಿ, ಗುಣವೊಂದಿತ್ತು: ಬಾಗಿಲಿಗೆ ಬಂದವನನ್ನು ನೀನು ಯಾವ ರಾಜ್ಯದವನು, ನಿನ್ನ ಕಾರ್ಡೆಲ್ಲಿ ಎಂದು ಅದು ಕೇಳುತ್ತಿರಲಿಲ್ಲ. ಹಕ್ಕಿನ ವ್ಯವಸ್ಥೆಯ ಸ್ವಭಾವವೇ ಬೇರೆ. ಹಕ್ಕು ಯಾರದೆಂಬುದನ್ನು ಗೊತ್ತುಮಾಡದೆ ಅದನ್ನು ಕೊಡುವುದು ಸಾಧ್ಯವಿಲ್ಲ. ಆದುದರಿಂದ ಹಕ್ಕು ಬಂದಲ್ಲಿ ಪಟ್ಟಿಯೂ ಕಾರ್ಡೂ ಬರುತ್ತವೆ. ಪಟ್ಟಿಯಲ್ಲಿಲ್ಲದವನು ಹೊರಗೆ ನಿಲ್ಲುತ್ತಾನೆ.

ಆಂಧ್ರಪ್ರದೇಶದಲ್ಲಿ ಆ ಕಾರ್ಡು ಬಂದ ಬಗೆ ಸ್ವಾರಸ್ಯವಾದುದು. 1983ರಲ್ಲಿ ನಂದಮೂರಿ ತಾರಕ ರಾಮರಾಯರ ಸರ್ಕಾರವು ಕಿಲೋಗ್ರಾಮಿಗೆ ಎರಡು ರೂಪಾಯಿಯಂತೆ ಅಕ್ಕಿ ಕೊಡುವ ಯೋಜನೆಯನ್ನು ತಂದಿತು. ಅಕ್ಕಿಗಾಗಿ ಬೆಳೆದ ಕಾರ್ಡು ಪದ್ಧತಿಯಲ್ಲಿ ಬಿಳಿಯ ಕಾರ್ಡು ಬಡತನದ ಗುರುತಾಯಿತು. ಅನಂತರದ ಕಾಲದಲ್ಲಿ ದೊಡ್ಡ ಕಾಯಿಲೆ ಬಂದ ಬಡವರು ಮುಖ್ಯಮಂತ್ರಿಯ ಪರಿಹಾರ ನಿಧಿಗೆ ಅರ್ಜಿ ಹಾಕಿಕೊಳ್ಳುವುದು ವಾಡಿಕೆಯಾಯಿತು. ಇದೂ ದಾನವೇ, ಶಾಸಕರ ಶಿಫಾರಸು, ರಾಜಧಾನಿಯ ಪ್ರಯಾಣ, ಕಾಯುವಿಕೆ. ಇಂಥ ಅರ್ಜಿಗಳು ಸಾವಿರ ಸಾವಿರವಾಗಿ ಬಂದು ಬಿದ್ದುದರಿಂದಲೇ, ಒಬ್ಬೊಬ್ಬರಿಗೆ ಕೊಡುವ ಬದಲು ಎಲ್ಲರಿಗೂ ಒಂದು ಕ್ರಮವನ್ನು ಏರ್ಪಡಿಸುವ ವಿಚಾರ ಹುಟ್ಟಿತು. 2007ರ ಏಪ್ರಿಲ್ 1ರಂದು ವೈ. ಎಸ್. ರಾಜಶೇಖರ ರೆಡ್ಡಿಯವರ ಸರ್ಕಾರವು ಅನಂತಪುರ, ಮಹಬೂಬನಗರ, ಶ್ರೀಕಾಕುಳಂ ಜಿಲ್ಲೆಗಳಲ್ಲಿ ಆರೋಗ್ಯಶ್ರೀ ಯೋಜನೆಯನ್ನು ಆರಂಭಿಸಿತು. 2008ರ ಜುಲೈ ಹೊತ್ತಿಗೆ ಅದು ರಾಜ್ಯವೆಲ್ಲವನ್ನೂ ವ್ಯಾಪಿಸಿತು. ಅಕ್ಕಿಯ ಬಿಳಿಯ ಕಾರ್ಡೇ ಆಸ್ಪತ್ರೆಯ ಬಾಗಿಲು ತೆರೆಯುವ ಕೀಲಿಯಾಯಿತು. ಅಕ್ಕಿಯ ಅಂಗಡಿಯ ಸಾಲಿನಲ್ಲಿ ನಿಂತು ಪಡೆದ ಕಾಗದವು ಹೃದಯದ ಶಸ್ತ್ರಚಿಕಿತ್ಸೆಗೆ ಒದಗುವುದೆಂದು 1983ರಲ್ಲಿ ಯಾರು ತಾನೇ ಊಹಿಸಿದ್ದರು?

ಯೋಜನೆಯ ಕಾರ್ಯಕ್ರಮವು ಸರಳವಾಗಿದೆ. ಆರಂಭದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ, ಅವಶ್ಯವಿದ್ದರೆ ಮೇಲೆ ಐವತ್ತು ಸಾವಿರ. ಹೃದಯ, ಮೂತ್ರಪಿಂಡ, ನರ, ಕ್ಯಾನ್ಸರ್, ಸುಟ್ಟ ಗಾಯ, ಅಪಘಾತ ಮೊದಲಾದ ಭಾರಿ ಕಾಯಿಲೆಗಳಿಗೆ ಅದು ಅನ್ವಯವಾಗುತ್ತಿತ್ತು. ರೋಗಿಯು ಯೋಜನೆಗೆ ಸೇರಿದ ಆಸ್ಪತ್ರೆಗೆ ಹೋಗುತ್ತಾನೆ. ಅಲ್ಲಿ ಆರೋಗ್ಯಮಿತ್ರನೆಂಬ ಸಹಾಯಕನು ಕುಳಿತಿರುತ್ತಾನೆ. ಅವನು ಕಾರ್ಡನ್ನು ನೋಡಿ ಹೆಸರನ್ನು ದಾಖಲಿಸುತ್ತಾನೆ. ವೈದ್ಯರು ಪರೀಕ್ಷಿಸಿದ ಮೇಲೆ ಟ್ರಸ್ಟಿನ ಪೂರ್ವಾನುಮತಿಗೆ ಕಾಗದಗಳು ಹೋಗುತ್ತವೆ. ಅನುಮತಿ ಬಂದರೆ ಚಿಕಿತ್ಸೆ ನಡೆಯುತ್ತದೆ. ಹಣವನ್ನು ಆಸ್ಪತ್ರೆಯೂ ಟ್ರಸ್ಟೂ ತಮ್ಮಲ್ಲೇ ಬಗೆಹರಿಸಿಕೊಳ್ಳುತ್ತವೆ. ಪರೀಕ್ಷೆ, ಔಷಧ, ಊಟ, ಊರಿಗೆ ಮರಳುವ ಬಸ್ಸಿನ ಖರ್ಚು ಇವೆಲ್ಲವೂ ಆ ಮೊತ್ತದೊಳಗೆ ಅಡಕವಾದುವೆಂದು ಯೋಜನೆ ಹೇಳಿತು. ಈ ಕೊನೆಯ ವಾಕ್ಯವನ್ನು ವಾಚಕರು ಇನ್ನೊಮ್ಮೆ ಓದಬೇಕೆಂದು ನಮ್ಮ ಪ್ರಾರ್ಥನೆ. ಊಟಕ್ಕೂ ಪರೀಕ್ಷೆಗೂ ಬೇರೆ ಹಣ ಕೇಳಿದಾಗ, ಅದು ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಮರುಪ್ರಶ್ನೆ ಹಾಕಬಲ್ಲವನು ಈ ವಾಕ್ಯವನ್ನು ತಿಳಿದವನು ಮಾತ್ರ.

ಗಡಿಯ ಆಚೆಗೆ ಕರ್ನಾಟಕವೂ ಇದೇ ಗುರಿಯ ಕಡೆಗೆ ನಡೆಯುತ್ತಿತ್ತು. ಡಾಕ್ಟರ್ ದೇವಿ ಶೆಟ್ಟಿಯವರ ಸಲಹೆಯಿಂದ ರೂಪುಗೊಂಡ ಯಶಸ್ವಿನಿ ಯೋಜನೆಯು ಸಹಕಾರ ಸಂಘಗಳ ರೈತರಿಗಾಗಿ 2003ರ ಜೂನಿನಲ್ಲಿ ಕಾರ್ಯಾರಂಭ ಮಾಡಿತು. ವರ್ಷಕ್ಕೆ 60 ರೂಪಾಯಿ ಕಂತು. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ತಿಂಗಳಿಗೆ ಐದು ರೂಪಾಯಿಯಂತೆ ಬಡರೈತನು ಕೊಟ್ಟ ಹಣದಿಂದ ಅವನ ಶಸ್ತ್ರಚಿಕಿತ್ಸೆ ನಡೆಯಬಲ್ಲುದೆಂಬುದನ್ನು ಅದು ತೋರಿಸಿಕೊಟ್ಟಿತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಬಳ್ಳಾರಿಯನ್ನೊಳಗೊಂಡ ಗುಲ್ಬರ್ಗಾ ವಿಭಾಗದಲ್ಲಿ ಮೊದಲಾಗಿ, ಬೆಳಗಾವಿ ವಿಭಾಗಕ್ಕೆ ಹರಡಿ, 2012ರಲ್ಲಿ ರಾಜ್ಯದ ಉಳಿದ ಭಾಗಕ್ಕೂ ವಿಸ್ತರಿಸಿತು.

ಈ ಯೋಜನೆ ಉತ್ತರದಲ್ಲಿ ಬಂದು ದಕ್ಷಿಣಕ್ಕೆ ಇನ್ನೂ ಬಾರದಿದ್ದ ಅವಧಿಯಲ್ಲಿ ಒಂದು ಅಪೂರ್ವ ಪರೀಕ್ಷೆ ತಾನಾಗಿಯೇ ಏರ್ಪಟ್ಟಿತು. ಗೆರೆಯ ಇತ್ತ ಒಂದು ಹಳ್ಳಿಗೆ ಯೋಜನೆಯುಂಟು. ಅತ್ತ ಅದರಂತೆಯೇ ಇರುವ ಇನ್ನೊಂದು ಹಳ್ಳಿಗೆ ಇಲ್ಲ. ನೀರಜ್ ಸೂದ್ ಮೊದಲಾದ ವಿದ್ವಾಂಸರು ಇಂಥ 572 ಹಳ್ಳಿಗಳನ್ನು ಸಮೀಕ್ಷಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಯೋಜನೆ ಒಳಗೊಳ್ಳುವ ಬಗೆಯ ಕಾಯಿಲೆಗಳಿಂದ ಬಡಕುಟುಂಬಗಳಲ್ಲಿ ಸತ್ತವರ ಪ್ರಮಾಣವು ಯೋಜನೆಯಿದ್ದ ಕಡೆ ನೂರಕ್ಕೆ 0.32, ಇಲ್ಲದ ಕಡೆ 0.90. ಹತ್ತು ಸಾವಿರ ಮಂದಿಗೆ 32 ಸಾವು ಎಲ್ಲಿ, 90 ಸಾವು ಎಲ್ಲಿ! ಮಣ್ಣು ಒಂದೇ, ಮಳೆ ಒಂದೇ, ಉಣ್ಣುವ ರೊಟ್ಟಿ ಒಂದೇ. ನಡುವೆ ಇದ್ದುದು ಆಡಳಿತದ ಗೆರೆಯೊಂದು. ಟ್ರಸ್ಟಿನವರು ಹಳ್ಳಿಗಳಲ್ಲಿ ಆರೋಗ್ಯ ಶಿಬಿರಗಳನ್ನು ನಡೆಸಿ, ರೋಗಿಗಳನ್ನು ಗುರುತಿಸಿ, ಆಸ್ಪತ್ರೆಗೆ ಕರೆತರುವ ಏರ್ಪಾಡನ್ನೂ ಮಾಡಿದ್ದರೆಂಬುದು ಇಲ್ಲಿ ಮುಖ್ಯ. ಕಾಗದದ ಮೇಲಿನ ವಿಮೆಯೊಂದೇ ಅಲ್ಲಿರಲಿಲ್ಲ; ಅದನ್ನು ಹಳ್ಳಿಯವರೆಗೆ ಹೊತ್ತು ತಂದು ತಿಳಿಸಿದ ಜನರೂ ಇದ್ದರು.

ಇದಂತಿರಲಿ. ನಮ್ಮ ಮದ್ದಿಕೇರ ಸೀಮೆಗೆ ಮರಳೋಣ. ಇಲ್ಲಿ ಹಕ್ಕು ಬಂದು ಹದಿನೈದು ವರ್ಷಗಳ ಮೇಲಾಯಿತು. ಆದರೆ ಅದರ ಹೆಸರೂ ಅಳತೆಯೂ ಒಂದೇ ಆಗಿ ಉಳಿಯಲಿಲ್ಲ. 2014ರಲ್ಲಿ ರಾಜ್ಯವು ವಿಭಜನೆಯಾದ ಮೇಲೆ ಯೋಜನೆಗೆ ಎನ್. ಟಿ. ಆರ್. ವೈದ್ಯಸೇವೆ ಎಂಬ ಹೆಸರು ಬಂದು ಮಿತಿ ಎರಡೂವರೆ ಲಕ್ಷಕ್ಕೇರಿತು. 2019ರಲ್ಲಿ ಸರ್ಕಾರ ಬದಲಾದಾಗ ಅದು ವೈ. ಎಸ್. ಆರ್. ಆರೋಗ್ಯಶ್ರೀಯಾಯಿತು, ವರ್ಷಕ್ಕೆ ಐದು ಲಕ್ಷದವರೆಗೆ ಆದಾಯವುಳ್ಳ ಕುಟುಂಬಗಳೂ ಒಳಗೆ ಬಂದವು, 2023ರ ಡಿಸೆಂಬರಿನಲ್ಲಿ ಮಿತಿಯನ್ನು 25 ಲಕ್ಷಕ್ಕೆ ಏರಿಸಲಾಯಿತು. 2024ರಲ್ಲಿ ಮತ್ತೆ ಸರ್ಕಾರ ಬದಲಾಗಿ ಹಳೆಯ ವೈದ್ಯಸೇವೆಯ ಹೆಸರು ಮರಳಿತು. ಇತ್ತ ಕೇಂದ್ರ ಸರ್ಕಾರವು 2018ರ ಸೆಪ್ಟೆಂಬರ್ 23ರಂದು ಆಯುಷ್ಮಾನ್ ಭಾರತ ಯೋಜನೆಯನ್ನು ಆರಂಭಿಸಿ, ಪಟ್ಟಿಯಲ್ಲಿರುವ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯ ಚಿಕಿತ್ಸೆಯನ್ನು ಘೋಷಿಸಿತು. 2024ರ ಅಕ್ಟೋಬರಿನಿಂದ ಎಪ್ಪತ್ತು ವರ್ಷ ತುಂಬಿದವರಿಗೆ ಆದಾಯದ ವಿಚಾರಣೆಯಿಲ್ಲದೆ ಅದನ್ನು ವಿಸ್ತರಿಸಿತು. ಹೆಸರು ಬದಲಾದಾಗಲೆಲ್ಲ ಹಳ್ಳಿಯ ಮುದುಕನು, ಹಳೆಯದು ರದ್ದಾಯಿತೋ ಏನೋ ಎಂದು ಕಾರ್ಡನ್ನು ಮಡಿಸಿ ಗೂಡಿನಲ್ಲಿಡುವ ಸಂಭವವುಂಟು. ಹೆಸರು ಬದಲಾಯಿತೆಂದ ಮಾತ್ರಕ್ಕೆ ಹಕ್ಕು ಹೋಗದೆಂದು ಅವನಿಗೆ ಹೇಳುವವರು ಬೇಕು.

ಹೇಳುವವರು ಯಾವ ಮಾತಿನಲ್ಲಿ ಹೇಳಬೇಕು? ಇಲ್ಲಿ ನಾವು ನುಡಿಯ ಪ್ರಶ್ನೆಗೆ ಬರುತ್ತೇವೆ. ಯೋಜನೆಯ ಪ್ರಕಟಣೆಗಳು, ಒಪ್ಪಿಗೆಯ ಪತ್ರಗಳು ರಾಜ್ಯದಲ್ಲಿ ಸಹಜವಾಗಿಯೇ ತೆಲುಗಿನಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿ ಇರುತ್ತವೆ. ಇದಕ್ಕೆ ಕೆಲವರು ಒಂದು ಸಮಾಧಾನವನ್ನು ಹೇಳುವುದುಂಟು: ಈ ಸೀಮೆಯ ಕನ್ನಡಿಗರಿಗೆಲ್ಲ ತೆಲುಗು ಬರುತ್ತದೆ, ಎರಡು ಲಿಪಿಗಳೂ ಅಕ್ಕತಂಗಿಯರು, ತೊಡಕೆಲ್ಲಿದೆ ಎಂದು. ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಸಂತೆಯಲ್ಲಿ ತೆಲುಗಿನಲ್ಲೇ ಚೌಕಾಸಿ ಮಾಡುವ ನಮ್ಮವರು ಮನೆಗೆ ಬಂದು ಕನ್ನಡದಲ್ಲಿ ಲೆಕ್ಕ ಹಾಕುತ್ತಾರೆ. ಆದರೆ ಸಂತೆಯ ಮಾತು ಬೇರೆ, ಆಸ್ಪತ್ರೆಯ ಮಾತು ಬೇರೆ. ಪೂರ್ವಾನುಮತಿ, ಪ್ಯಾಕೇಜು, ಫಲಾನುಭವಿ, ಅರಿವಳಿಕೆ ಎಂಬ ಶಬ್ದಗಳು ತೆಲುಗು ಮನೆಮಾತಿನ ಬಡವನಿಗೇ ಸುಲಭವಾಗಿ ಅರ್ಥವಾಗುವಂಥವಲ್ಲ. ಮಗುವಿಗೆ ಶಸ್ತ್ರಚಿಕಿತ್ಸೆಯೆಂದು ನಡುಗುತ್ತಿರುವ ಕನ್ನಡದ ತಾಯಿಗೆ ಅವು ಹೇಗೆ ಅರ್ಥವಾಗಬೇಕು? ಅಕ್ಷರವನ್ನೇ ಕಲಿಯದವರಿಗೆ ಲಿಪಿಗಳ ಸೋದರತ್ವದಿಂದ ಪ್ರಯೋಜನವೂ ಇಲ್ಲ. ಇದು ಭಾಷೆಗಳ ನಡುವಣ ಸ್ಪರ್ಧೆಯ ವಿಚಾರವಲ್ಲ. ನೋವಿನಲ್ಲಿರುವವನಿಗೆ ಅವನ ಅಡುಗೆಮನೆಯ ಮಾತಿನಲ್ಲಿ ವಿಷಯವನ್ನು ಬಿಡಿಸಿ ಹೇಳುವುದು ಚಿಕಿತ್ಸೆಯ ಒಂದು ಅಂಗ, ಇಷ್ಟೇ ನಮ್ಮ ವಾದ.

ಎರಡನೆಯ ತೊಡಕು ಮೇಲೆ ಹೇಳಿದ ಗಡಿ. ಕರ್ನಾಟಕದ ಯೋಜನೆ ಕರ್ನಾಟಕದ ಕಾರ್ಡನ್ನು ಕೇಳುತ್ತದೆ; ಆಂಧ್ರದ ಕಾರ್ಡು ಆಂಧ್ರದ ಟ್ರಸ್ಟು ಒಪ್ಪಿದ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಬಳ್ಳಾರಿಗೆ ಹೋಗುವುದು ತಲೆತಲಾಂತರದ ರೂಢಿಯಾದವನಿಗೆ ಈ ಭೇದವು ಆಸ್ಪತ್ರೆಯ ಕಿಟಕಿಯ ಮುಂದೆ ನಿಂತಾಗಲೇ ತಿಳಿದರೆ, ಅಲ್ಲಿಂದ ಅವನು ಸಾಲದ ಕಡೆಗೆ ತಿರುಗುತ್ತಾನೆ. ಆಯುಷ್ಮಾನ್ ಭಾರತದ ಫಲಾನುಭವಿಯು ಆ ಯೋಜನೆಗೆ ಸೇರಿದ ದೇಶದ ಯಾವ ಆಸ್ಪತ್ರೆಯಲ್ಲಾದರೂ ಚಿಕಿತ್ಸೆ ಪಡೆಯಬಹುದೆಂಬುದು ಅದರ ನಿಯಮ. ಆಂಧ್ರವು 2019ರ ನವೆಂಬರಿನಿಂದ ಬೆಂಗಳೂರು, ಹೈದರಾಬಾದು, ಚೆನ್ನೈಗಳ ಕೆಲವು ಆಸ್ಪತ್ರೆಗಳನ್ನೂ ತನ್ನ ಯೋಜನೆಗೆ ಸೇರಿಸಿಕೊಂಡಿತು. ಆದುದರಿಂದ ಗಡಿಯನ್ನು ದಾಟುವ ದಾರಿಗಳು ಇಲ್ಲವೆನ್ನುವಂತಿಲ್ಲ. ಆದರೆ ತನ್ನ ಹೆಸರು ಯಾವ ಪಟ್ಟಿಯಲ್ಲಿದೆ, ಹೋಗಲಿರುವ ಆಸ್ಪತ್ರೆ ಯಾವ ಪಟ್ಟಿಯಲ್ಲಿದೆ ಎಂಬೆರಡನ್ನೂ ಬಂಡಿ ಹೊರಡುವ ಮುನ್ನವೇ ವಿಚಾರಿಸಿಕೊಳ್ಳಬೇಕು. 104 ಮತ್ತು 14555 ಎಂಬ ದೂರವಾಣಿ ಸಂಖ್ಯೆಗಳು ಈ ಕೆಲಸಕ್ಕಾಗಿಯೇ ಏರ್ಪಟ್ಟವು.

ಮೂರನೆಯದು ವಲಸೆ. ಕರ್ನೂಲಿನ ಪಶ್ಚಿಮ ಭಾಗದ ಹಳ್ಳಿಗಳಿಂದ ಕುಟುಂಬಗಳು ಮಕ್ಕಳುಮರಿಗಳೊಂದಿಗೆ ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತವೆ, ಬೆಂಗಳೂರಿಗೂ ಹೋಗುತ್ತವೆ. ಇದನ್ನು ಸುಗ್ಗಿಗೆ ಹೋಗುವುದೆನ್ನುತ್ತಾರೆ. ತನ್ನೂರಲ್ಲಿ ಸುಗ್ಗಿಯಿಲ್ಲದವನು ಪರರ ಸುಗ್ಗಿಯನ್ನರಸಿ ಹೋಗುವುದಕ್ಕೆ ಈ ಹೆಸರು ಬಂದಿರುವುದು ವಿಧಿಯ ಅಣಕ. ಗುಂಟೂರಿನಲ್ಲಿ ಕಾಯಿಲೆ ಬಿದ್ದರೆ ರಾಜ್ಯ ಒಂದೇ ಆದುದರಿಂದ ಕಾರ್ಡು ನಡೆಯುತ್ತದೆ. ಬೆಂಗಳೂರಿನಲ್ಲಿ ಬಿದ್ದರೆ ಮೇಲಿನ ವಿಚಾರಣೆಯೆಲ್ಲ ಬೇಕು. ಕಾರ್ಡು ಊರಿನ ಗೂಡಿನಲ್ಲೇ ಉಳಿದರೆ ಎರಡು ಕಡೆಯೂ ಕಷ್ಟ. ಬಟ್ಟೆಗಂಟಿನೊಡನೆ ಅದನ್ನೂ ಕಟ್ಟಿಕೊಳ್ಳಬೇಕೆಂಬುದು ಸಣ್ಣ ಮಾತಾದರೂ ಪ್ರಾಣಕ್ಕೆ ಸಂಬಂಧಿಸಿದ ಮಾತು.

ತಿಳಿವಳಿಕೆಯ ಪ್ರಯೋಜನವು ಪಡೆಯುವುದರಲ್ಲಿ ಮಾತ್ರವೇ ಇಲ್ಲ, ಬೇಡವೆನ್ನುವುದರಲ್ಲಿಯೂ ಇದೆ. 2010ರ ಸುಮಾರಿಗೆ ಆಂಧ್ರದಲ್ಲಿ, ಅವಶ್ಯವಿಲ್ಲದಿದ್ದರೂ ಹೆಂಗಸರ ಗರ್ಭಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಗಳು ಹೆಚ್ಚಿದುವೆಂಬ ದೂರುಗಳೆದ್ದವು. ಸರ್ಕಾರವು ಕೆಲವು ಚಿಕಿತ್ಸೆಗಳನ್ನು ಸರ್ಕಾರಿ ಆಸ್ಪತ್ರೆಗಳಿಗೇ ಮೀಸಲಿಟ್ಟಿತು. ಪ್ರತಿ ಶಸ್ತ್ರಚಿಕಿತ್ಸೆಗೂ ಸರ್ಕಾರದಿಂದ ಹಣ ಸಲ್ಲುವಲ್ಲಿ, ರೋಗಿಯ ಅಜ್ಞಾನವು ಒಬ್ಬರ ಲಾಭವಾಗುವ ಅಪಾಯ ಇದ್ದೇ ಇರುತ್ತದೆ. ಇದು ಏತಕ್ಕೆ, ಇದಿಲ್ಲದೆ ಗುಣವಾಗದೇ, ಇನ್ನೊಬ್ಬ ವೈದ್ಯರನ್ನು ಕೇಳಬಹುದೇ ಎಂದು ಪ್ರಶ್ನಿಸುವ ಧೈರ್ಯವು ಹಕ್ಕನ್ನು ಅರಿತವಳಿಗೆ ಬರುತ್ತದೆ. ದಾನ ಪಡೆಯುತ್ತಿದ್ದೇನೆಂದು ಭಾವಿಸಿದವಳಿಗೆ ಬಾರದು. ಧರ್ಮಾಸ್ಪತ್ರೆಯ ಮನೋಭಾವವು ಕಾರ್ಡಿನ ಕಾಲದಲ್ಲಿಯೂ ನಮ್ಮೊಳಗೆ ಉಳಿದುಕೊಂಡಿರುವ ಜಾಗ ಇದೇ.

ಈ ಯೋಜನೆಗಳಿಗೆ ಮಿತಿಗಳೂ ಇವೆ. ಅವು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿಸಿ ಮಾಡುವ ಚಿಕಿತ್ಸೆಗಾಗಿ ಹುಟ್ಟಿದವು. ದಿನನಿತ್ಯದ ಜ್ವರ, ಕೆಮ್ಮು, ಸಿಹಿಮೂತ್ರದ ಗುಳಿಗೆ ಇವುಗಳ ಖರ್ಚು ಬಡವನ ಗಂಟನ್ನು ಹನಿಹನಿಯಾಗಿ ಕರಗಿಸುತ್ತಲೇ ಇರುತ್ತದೆ. ಇದಕ್ಕೆ ಭೋರ್ ಸಮಿತಿ ಕಂಡ ಪ್ರಾಥಮಿಕ ಆರೋಗ್ಯ ಕೇಂದ್ರವೇ ಮದ್ದು. ವಿಮೆ ಬಂದಿತೆಂದು ಆ ಕೇಂದ್ರವನ್ನು ಕಡೆಗಣಿಸಿದರೆ, ಮಾಳಿಗೆ ಕಟ್ಟಿ ತಳಪಾಯವನ್ನು ಕಿತ್ತಂತೆ.

ಹಾಗಾದರೆ ಕನ್ನಡ ಸಂಘಗಳು ಮಾಡಬೇಕಾದುದೇನು? ಕವಿಗೋಷ್ಠಿ, ನಾಡಹಬ್ಬಗಳು ನಡೆಯಲಿ. ಅವುಗಳ ಜೊತೆಗೆ ತಿಂಗಳಿಗೊಂದು ದಿನ ಊರ ಕಟ್ಟೆಯ ಮೇಲೆ ಕುಳಿತು ಯೋಜನೆಯ ಕಾಗದಗಳನ್ನು ಕನ್ನಡದಲ್ಲಿ ಓದಿ ಹೇಳುವುದು ಸಾಧ್ಯವಿದೆ. ಕಾರ್ಡಿನಲ್ಲಿ ಮನೆಯವರೆಲ್ಲರ ಹೆಸರೂ ಇದೆಯೇ, ಆಧಾರಿನ ಹೆಸರಿಗೂ ಕಾರ್ಡಿನ ಹೆಸರಿಗೂ ಹೊಂದಿಕೆಯಿದೆಯೇ, ಹೊಸ ಸೊಸೆಯ, ಹುಟ್ಟಿದ ಕೂಸಿನ ಹೆಸರು ಸೇರಿತೇ ಎಂದು ಕಾಯಿಲೆ ಬರುವುದಕ್ಕೆ ಮೊದಲೇ ನೋಡಿಕೊಡುವುದು ಸಾಧ್ಯವಿದೆ. ಆಸ್ಪತ್ರೆಯ ಆರೋಗ್ಯಮಿತ್ರನ ಮುಂದೆ ರೋಗಿಯ ಪಕ್ಕದಲ್ಲಿ ಎರಡೂ ನುಡಿ ಬಲ್ಲ ಹುಡುಗನೊಬ್ಬನು ನಿಲ್ಲುವುದು ಸಾಧ್ಯವಿದೆ. ಅನ್ಯಾಯವಾದಾಗ ಅರ್ಜಿ ಬರೆಯಲು ತೆಲುಗು ಬಾರದೆಂದು ಹಿಂಜರಿಯಬೇಕಾಗಿಯೂ ಇಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಮನವಿಯನ್ನು ಯಾವ ಅಧಿಕಾರಿಗಾದರೂ ಒಪ್ಪಿಸಬಹುದೆಂದು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನಿಗೂ ಅಧಿಕಾರ ಕೊಟ್ಟಿದೆ. ಕನ್ನಡದಲ್ಲಿ ಬರೆದ ಅರ್ಜಿಯನ್ನು ಕರ್ನೂಲಿನ ಕಚೇರಿಗೆ ಕೊಡುವುದು ಉದ್ಧಟತನವಲ್ಲ, ಸಂವಿಧಾನದ ಪಾಲನೆ.

ಎರಡು ಶತಮಾನಗಳ ಈ ದಾರಿಯನ್ನು ಒಮ್ಮೆ ಹಿಂತಿರುಗಿ ನೋಡಿದರೆ, ಮೊದಲು ಮದ್ದೇ ಇರಲಿಲ್ಲ. ಮದ್ದು ಬಂದಾಗ ಹಣವಿರಲಿಲ್ಲ. ಹಣದ ಏರ್ಪಾಡಾದಾಗ ನಮ್ಮವರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಇಂದು ಬಹುಮಂದಿ ಪಟ್ಟಿಯೊಳಗೆ ಇದ್ದಾರೆ. ಉಳಿದಿರುವುದು ಕೊನೆಯ ಗಾವುದ. ಅದನ್ನು ದಾಟಿಸಲು ಸರ್ಕಾರದ ಹೊಸ ಖಜಾನೆ ಬೇಕಿಲ್ಲ, ಓದಬಲ್ಲ ನೆರೆಯವನೊಬ್ಬನ ಒಂದು ಗಂಟೆಯ ವೇಳೆ ಬೇಕು. ಈ ಪುಟವನ್ನು ಓದಿ ಮುಗಿಸಿದವರೆಲ್ಲರೂ ಅಂಥ ನೆರೆಯವರೇ ಆಗಿದ್ದಾರೆ.